ಆಳಂದದಿಂದ ಅಫಜಲಪುರಕ್ಕೆ ಐದು ನಿಮಿಷ

ಆಳಂದದಿಂದ ಅಫಜಲಪುರಕ್ಕೆ ವಿಮಾನದಲ್ಲಿ ಐದು ನಿಮಿಷದ ಪ್ರಯಾಣ. ಎರಡೂ ಊರಲ್ಲಿ ವಿಮಾನ ನಿಲ್ದಾಣವಿಲ್ಲ ಎಂಬುದು ಬೇರೆ ಮಾತು; ಅದಕ್ಕೂ ಆಳಂದದ ಸರಕಾರಿ ಕಚೇರಿಯ ನಮ್ಮ ಶಾಖೆಗೂ ಸಂಬಂಧವಿಲ್ಲ.

೧೯೮೪ರಲ್ಲಿ ಮೇಲಿನಿಂದ ಸುತ್ತೋಲೆ ಬಂತು. ಮುಂಬಯಿಯಿಂದ ದಿಲ್ಲಿಗೆ ವಿಮಾನದಲ್ಲಿ ಹೋಗುವ ದೊಡ್ಡ ಸಾಹೇಬರು ಪ್ರಯಾಣದ ನೆಪದಲ್ಲಿ ಎರಡೆರಡು ದಿನ ರಜೆ ಹೊಡೆಯುತ್ತಿದ್ದರಂತೆ. ಆದಕಾರಣ ಇನ್ನು ಮುಂದೆ ಎಲ್ಲ ನೌಕರರ ಪ್ರಯಾಣದ ಅವಧಿಯನ್ನು ವಿಮಾನದ ವೇಗದಿಂದಲೇ ಲೆಕ್ಕ ಹಾಕತಕ್ಕದ್ದು. ದೊಡ್ಡ ಸಾಹೇಬರು ವಿನಾಯಿತಿ ಪಡೆದರು. ನಾವು ಉಳಿದೆವು.

ನಮ್ಮ ಮುಖ್ಯಸ್ಥರಾದ ಬಸವಂತರಾಯರು ಕಾಯಿದೆಯ ಮನುಷ್ಯರು. ಗೋಡೆಯ ನಕಾಶೆಯ ಮೇಲೆ ಸ್ಕೇಲಿಟ್ಟು ಗೆರೆ ಎಳೆದರು, ಭಾಗಿಸಿದರು, ಐದು ನಿಮಿಷ ಎಂದರು. ಎರಡೂ ಊರಿನ ಬಸ್‌ಸ್ಟ್ಯಾಂಡನ್ನು ‘ಸದರಿ ಉದ್ದೇಶಕ್ಕಾಗಿ ವಿಮಾನ ನಿಲ್ದಾಣ’ ಎಂದು ಆದೇಶಿಸಿದರು. ಬಸ್ಸು ಮಾತ್ರ ಎಂದಿನಂತೆ ಗಾಣಗಾಪುರ ಸುತ್ತಿಕೊಂಡು ಮೂರು ತಾಸು ತಿನ್ನುತ್ತಿತ್ತು.

ಒಂದು ಮುಂಜಾನೆ ಟೈಪಿಸ್ಟ್ ಶಿವಕಾಂತಾಗೆ ಅಫಜಲಪುರದಿಂದ ತಂತಿ ಬಂತು. ತಂದೆ ಚಂದ್ರಾಮಪ್ಪ ಸೀರಿಯಸ್, ಕೂಡಲೇ ಬಾ.

“ಸಾಹೇಬ್ರ, ನಮ್ಮಪ್ಪ ಕಣ್ಣು ಮುಚ್ಚೂದ್ರಾಗ ಒಮ್ಮಿ ಮಾರಿ ನೋಡ್ತೇನ್ರಿ. ಈಗಿನ ಬಸ್ಸಿಗೇ ಬಿಡ್ರಿ.”

“ಯಾಕ ಇಷ್ಟ್ ಗಡಬಡಿ ಮಾಡಾಕತ್ತೀರಿ?” ಸಾಹೇಬರು ಬಹಳ ಅಂತಃಕರಣದಿಂದ ಕೇಳಿದರು. “ಐದು ನಿಮಿಷದ ದಾರಿ. ಈ ವರದಿ ಟೈಪ್ ಮಾಡಿ ಹನ್ನೆರಡಕ್ಕ ಹೋಗ್ರಿ. ಹನ್ನೆರಡರ ಮ್ಯಾಲ ಐದಕ್ಕ ಅಪ್ಪನ ಮುಂದ ಇರ್ತೀರಿ.”

“ಬಸ್ಸಿಗಿ ಮೂರು ತಾಸು ಬೇಕ್ರಿ!”

“ಅದು ಬಸ್ಸಿನ ತಪ್ಪವ್ವ. ನಿಮ್ಮ ಮ್ಯಾಲ ಹಾಕಂಗಿಲ್ಲ.”

ಆಕೆ ಅಳುತ್ತಲೇ ಟೈಪ್ ಮಾಡಿದಳು. ವರದಿಯ ವಿಷಯ: ಹೊಸ ಪದ್ಧತಿಯಿಂದ ಶಾಖೆಗೆ ಉಳಿದ ಸಮಯ. ಅಬ್ಬಾ, ಒಂದೇ ಒಂದು ಅಕ್ಷರ ತಪ್ಪಿರಲಿಲ್ಲ.

ಚಂದ್ರಾಮಪ್ಪ ಒಂದೂವರೆಗೆ ತೀರಿಕೊಂಡರು. ಕೊನೆಯ ತನಕ ಬಾಗಿಲ ಕಡೆ ನೋಡುತ್ತ ಮಗಳ ಹೆಸರು ಹಿಡಿದು ಕರೆದರಂತೆ. ಶಿವಕಾಂತಾ ಊರು ಮುಟ್ಟಿದಾಗ ಮೂರು ದಾಟಿತ್ತು.

ಆಕೆ ತಿರುಗಿ ಕೆಲಸಕ್ಕೆ ಬಂದ ದಿನವೇ ನೋಟೀಸು ಕೈಗೆ ಬಂತು. ‘ತಾವು ಹನ್ನೆರಡು ಗಂಟೆ ಐದು ನಿಮಿಷಕ್ಕೆ ತಂದೆಯ ಬಳಿ ಹಾಜರಿದ್ದು ಒಂದೂವರೆಯ ತನಕ ಏನು ಮಾಡಿದಿರಿ? ಡಾಕ್ಟರನ್ನು ಏಕೆ ಕರೆಯಲಿಲ್ಲ? ವಿವರಣೆ ನೀಡದಿದ್ದಲ್ಲಿ ನೌಕರಿಯಿಂದ ತೆಗೆಯಲಾಗುವುದು.’

“ಇದ್ದದ್ದು ಇದ್ದಂಗ ಬರದ್ರ ಹ್ಯಾಂಗ್ರಿ?” ಎಂದು ಪಕ್ಕದ ಮೇಜಿನ ನನ್ನನ್ನು ಕೇಳಿದಳು.

“ಹಂಗ ಬರದ್ರ ಸಾಹೇಬ್ರ ಆದೇಶ ಸುಳ್ಳು ಅಂದಂಗ ಆಗ್ತದವ್ವ. ಅದು ಇನ್ನೊಂದು ಗುನ್ಹೆ,” ಎಂದೆ.

ಬರೆದಳು: ‘ತಂದೆಯ ತಲೆ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ. ನೀರು ಕೇಳಿದರು. ಕೈಯಾರೆ ಕುಡಿಸಿದೆ. ಡಾಕ್ಟರನ್ನು ಕರೆಯಲೆಂದು ಬಿಟ್ಟು ಏಳಲು ಮನಸ್ಸಾಗಲಿಲ್ಲ.’ ಸಾಹೇಬರು ಓದಿ ಕಣ್ಣೊರೆಸಿಕೊಂಡರು. ‘ವಿವರಣೆ ಸಮರ್ಪಕ’ ಎಂದು ಸಹಿ ಹಾಕಿದರು.

ಅದರ ನಕಲನ್ನು ನಾನೇ ಅಫಜಲಪುರಕ್ಕೆ ಒಯ್ದು ಆಕೆಯ ತಾಯಿ ಗುರುಬಾಯಿಗೆ ಓದಿ ಹೇಳಿದೆ. ಆ ದಿನ ನೀರು ಕುಡಿಸಿದ್ದು ಗುರುಬಾಯಿ. ತಲೆ ಇದ್ದದ್ದೂ ಆಕೆಯ ತೊಡೆಯ ಮೇಲೆಯೇ. ಆಕೆ ಪೂರ್ತಿ ಕೇಳಿದಳು, ಸೆರಗಿನಿಂದ ಮಾರಿ ಒರೆಸಿಕೊಂಡಳು.

“ಸರಕಾರದ ಸಿಕ್ಕಾ ಬಿದ್ದದೇನ್ರಿ?”

“ಬಿದ್ದದವ್ವ.”

“ಹಂಗಾರ ಖರೇನ,” ಎಂದಳು. “ನನ್ನ ಮಗಳು ಬಂದಿದ್ಲು.”