ಸ್ಲ್ಯಾಬಿನ ಕೆಳಗ ಮೂರು ಖುರ್ಚಿ

ಕಣ್ಣು ತೆರೆದು ನೌಕರಿ ಮಾಡಾವ್ರಿಗೆ ಇಂಥವು ನಡೀತಾವೋ ಇಲ್ಲೋ ನಂಗ ಗೊತ್ತಿಲ್ಲ. ನನ್ನಂಗ ಅರ್ಧಗಣ್ಣು ಮುಚ್ಚಿ ಮಾಡಿದವಂಗ ಮಾತ್ರ ದಿನಾ ಒಂದು ನಡೀತೈತಿ. ತೊಂಬತ್ತರ ದಶಕದ ಕಡೀ ವರ್ಷಗಳು. ಸಿಂದಗಿಯೊಳಗ ನಾನು ಸರ್ಕಾರಿ ಎಂಜಿನಿಯರ್. ಉಂಡ ಮ್ಯಾಲ ಬಿಸಿಲು ಕಂಡ್ರ ಸಾಕು, ಕುಂತಲ್ಲೇ ಕನಸು ಬೀಳತಿದ್ದವು. ಈ ಚಟದಿಂದ ಒಮ್ಮಿ ಒಂದು ಸಾಲಿ ಬೀಳೂದಿತ್ತು. ಉಳಿದದ್ದೂ ಅದ ಚಟದಿಂದನ.

ಮೂರನೇ ದಿನದ ಪಾಠ

ಬಸವನ ಬಾಗೇವಾಡಿಯೊಳಗ ನಮಗೆಲ್ಲಾ ಮೂರು ದಿನದ ತರಬೇತಿ ಇಟ್ಟಿದ್ರು. ಎರಡು ದಿನ ಕಬ್ಬಿಣ, ಸಿಮೆಂಟು. ಮೂರನೇ ದಿನ 'ವೃತ್ತಿಯಲ್ಲಿ ಪ್ರಾಮಾಣಿಕತೆ'. ಮೊದಲನೇ ದಿನ ಊಟಕ್ಕ ಜ್ವಾಳದ ರೊಟ್ಟಿ, ಎಣ್ಣಿಗಾಯಿ, ಮ್ಯಾಲ ಗಟ್ಟಿ ಮೊಸರು. ಆಮ್ಯಾಲ ಕಿಟಕಿಗೆ ಪರದೆ ಎಳದು, ಗ್ವಾಡಿ ಮ್ಯಾಲ ಚಿತ್ರ ತೋರಸಾಕ ಶುರು ಮಾಡಿದ್ರು. ಫ್ಯಾನಿನ ಸಪ್ಪಳ ಕೇಳಕೋತ ನಾ ಎಲ್ಲಿಗೆ ಹೋದ್ನೋ ಆ ಶಿವಗ ಗೊತ್ತು. ಯಾರೋ ತಿವಿದು ಹಾಳಿ ಕೊಟ್ರು, ಸಹಿ ಮಾಡಿದೆ, ಮತ್ತ ಹೋದೆ.

ಮೂರನೇ ದಿನ ಬಂದು ನೋಡತೇನಿ, ಬಾಗಲಕ್ಕ ಕೀಲಿ! ಕಾವಲುಗಾರ ಕಟ್ಟಿ ಮ್ಯಾಲ ಕುಂತಿದ್ದ.

"ಯಾಕ ಬಂದ್ರಿ ಸಾಹೇಬ್ರ?"

"ಇವತ್ತ ಪ್ರಾಮಾಣಿಕತೆ ಪಾಠ ಐತಲ್ಲಪಾ."

"ಅದಕ್ಕ ಮೊನ್ನೇನ ಎಲ್ಲಾರೂ ಸಹಿ ಮಾಡಿ, ನಿನ್ನಿ ಸಂಜಿಗೆ ಊರಿಗೆ ಹೋದ್ರಲ್ಲರಿ! ನಿಮ್ಮದೂ ಐತಿ. ಎಲ್ಲಾರಗಿಂತ ನಿಮ್ಮದ ಚಂದ ಐತಿ."

ಪಾಪ, ಹಂಚದ ಉಳಿದ ಒಂದು ಪುಸ್ತಕ ತಂದು ಕೊಟ್ಟ. ಬೇವಿನ ನೆಳ್ಳಾಗ ಕುಂತು ಓದಿದೆ. 'ಕಣ್ಣಾರೆ ನೋಡದೆ ಸಹಿ ಹಾಕಬೇಡಿ' ಅಂತ ಇತ್ತು. ಹಾಳಿ ನೋಡದ ಸಹಿ ಮಾಡಿದ್ದು ನೆನಪಾತು. ಅಷ್ಟು ಮಂದಿ ಎಂಜಿನಿಯರ್‌ಗಳಾಗ ಪ್ರಾಮಾಣಿಕತೆ ಕಲಿತಾವ ನಾ ಒಬ್ಬನ, ಅದೂ 'ಮೂರನೇ ದಿನ ಬರಬ್ಯಾಡ್ರಿ' ಅಂದದ್ದು ನಿದ್ದಿಯೊಳಗ ಕೇಳಿಸಲಾರದ್ದಕ್ಕ.

ಪರೀಕ್ಷಾಕ ಹೋದ ಕ್ಯೂಬು

ಅದಾದ ಮ್ಯಾಲ ಯಂಕಂಚಿಯೊಳಗ ಒಂದು ಸಾಲಿ ಖೋಲಿಗೆ ಸ್ಲ್ಯಾಬ್ ಹಾಕೂದಿತ್ತು. ಗುತ್ತಿಗೆದಾರ ಇಂಡಿಯವ, ಮಾತು ಬೆಲ್ಲ, ಸಿಮೆಂಟು ಬಾಳ ಕಡಿಮಿ. ನಾ ಹೊಸದಾಗಿ ಕಲಿತಾವ ನೋಡ್ರಿ, ಜೋರು ಮಾಡಿದೆ: "ಸ್ಲ್ಯಾಬಿಗೆ ಹಾಕೋ ಕಾಂಕ್ರೀಟನ್ನ ಈ ಡಬ್ಬಿಯೊಳಗೂ ತುಂಬ್ರಿ. ಗಟ್ಟಿಯಾದ ಕ್ಯೂಬನ್ನ ಲ್ಯಾಬಿನಾಗ ಒತ್ತಿ ಒಡೀತಾರ. ಅದರ ತಾಕತ್ತ ಎಷ್ಟೋ ಸ್ಲ್ಯಾಬಿನ ತಾಕತ್ತ ಅಷ್ಟ."

ಹೇಳಿ ಹುಣಸಿ ಗಿಡದ ಕೆಳಗ ಒಂದು ಗಳಿಗಿ ಕುಂತೆ. ಕನಸಿನಾಗ ಸಾಲಿ ಮಕ್ಳು ಮಗ್ಗಿ ಹೇಳಾಕತ್ತಿದ್ರು, ಸ್ಲ್ಯಾಬು ಹತ್ತಿಯಂಗ ಹಗುರಾಗಿ ಮ್ಯಾಲ ತೇಲಾಕತ್ತಿತ್ತು. ಎಂಥಾ ಸುಖ ಅಂತೀರಿ! ಎಚ್ಚರಾದಾಗ ಡಬ್ಬಿ ತುಂಬಿದ್ವು.

ತಿಂಗಳಾದ ಮ್ಯಾಲ ಲ್ಯಾಬಿನವ್ರ ಫೋನ್ ಬಂತು. "ಏನ್ರಿ, ಸಾಲಿ ಕಟ್ಟಾಕತ್ತೀರೋ ಆಣೆಕಟ್ಟು ಕಟ್ಟಾಕತ್ತೀರೋ? ಮಷೀನು ದಣೀತು, ನಿಮ್ಮ ಕ್ಯೂಬು ದಣೀಲಿಲ್ಲ!"

ನಂಗ ಸಂಶೆ ಬಂತು. ಗುತ್ತಿಗೆದಾರನ ಮೇಸ್ತ್ರಿಯನ್ನ ಹಿಡದು ಕೇಳಿದೆ. ಅಂವಾ ಒಂಚೂರೂ ಅಂಜಲಿಲ್ಲ.

"ಕ್ಯೂಬಿಗೆ ಬ್ಯಾರೆ ಸಿಮೆಂಟು ಕಲಸಿದ್ವಿ ಬಿಡ್ರಿ. ಪರೀಕ್ಷಾಕ ಹೋಗೋ ಮಗಾಗ ಎಣ್ಣಿ ಹಚ್ಚಿ, ತಲಿ ಬಾಚಿ, ಪೌಡರ್ ಬಡದು ಕಳಸೂದಿಲ್ಲೇನ್ರಿ? ಸ್ಲ್ಯಾಬ್ ಎಲ್ಲಿಗೆ ಹೋಗೂದೈತಿ, ಮನ್ಯಾಗ ಇರೂದಲ್ಲೇನು!"

ಮೂರು ಖುರ್ಚಿ

ಗುತ್ತಿಗೆದಾರ ರಿಪೋರ್ಟ್ ಹಿಡಕೊಂಡು ಬಂದ. "ಪಾಸ್ ಆಗೇತ್ರಿ ಸಾಹೇಬ್ರ. ಸಹಿ ಒತ್ರಿ." ನನ್ನ ಕೈ ಏಳಲಿಲ್ಲ. ಸ್ಲ್ಯಾಬಿನ ಕೆಳಗ ಆಸರಕ್ಕ ಕೊಟ್ಟ ಕಟ್ಟಿಗಿ ಕಂಬ ಇನ್ನೂ ಇದ್ವು. ಅವನ್ನ ತಗದು ಮಕ್ಳನ್ನ ಒಳಗ ಕುಂಡ್ರಸೂದು ನನ್ನ ಸಹಿ ಮ್ಯಾಲ ನಿಂತಿತ್ತು. ಆದ್ರ ಬ್ಯಾಡ ಅನ್ನಬೇಕಂದ್ರ ನಾ ಮಲಗಿದ್ದು ಹೇಳಬೇಕು. ನಾಚಿಕಿ ಆತ್ರಿ, ಸುಳ್ಳ್ಯಾಕ ಹೇಳಲಿ? ಕಡೀಗೆ ಸಾಲಿಯ ಹೆಡ್‌ಮಿಸ್ಟ್ರೆಸ್ ದೊಡ್ಡಕ್ಕೋರ ಮುಂದ ಎಲ್ಲಾ ಒದರಿಬಿಟ್ಟೆ.

ಅಕ್ಕೋರು ಬೈಲಿಲ್ಲ. ಗುತ್ತಿಗೆದಾರನ್ನ, ಮೇಸ್ತ್ರಿಯನ್ನ ಕರೆಸಿ, ಮೂರು ಖುರ್ಚಿ ತಂದು ಸ್ಲ್ಯಾಬಿನ ಕೆಳಗ ಇಟ್ರು. "ನೀವು ಮೂವರೂ ಕುಂಡ್ರರಿ, ಚಾ ಕಳಸ್ತೇನಿ. ಆಳುಗಳು ಕಂಬ ತಗೀಲಿ. ಆಮ್ಯಾಲ ನನ್ನ ಮಕ್ಳನ್ನ ಕಳಸ್ತೇನಿ."

ಗುತ್ತಿಗೆದಾರಗ ಆಗಿಂದಾಗ ಮುದ್ದೇಬಿಹಾಳದಾಗ ಅರ್ಜೆಂಟ್ ಕೆಲಸ ನೆನಪಾತು. ಮೇಸ್ತ್ರಿ, "ನಂಗ ಖುರ್ಚಿ ಒಗ್ಗೂದಿಲ್ರಿ" ಅಂದ. "ನೆಲದ ಮ್ಯಾಲ ಕುಂಡ್ರು" ಅಂದ್ರು ಅಕ್ಕೋರು. "ಹೊರಗಿನ ನೆಲ ತಂಪೈತ್ರಿ" ಅಂದ. ನಾನೂ ಚಾ ಬಿಟ್ಟೇನಿ ಅಂದೆ. ಊರ ಮಂದಿ ನಿಂತು ನೋಡಾಕತ್ತಿದ್ರು. ಗುತ್ತಿಗೆದಾರನ ಮಾರಿ ಸಣ್ಣದಾತು. "ಒಡೀರಿ" ಅಂದ.

ಎರಡನೇ ಸ್ಲ್ಯಾಬಿಗೆ ನಾ ಬಿಸಿಲಾಗ, ತಲಿಗೆ ಹಸಿ ಟವೆಲ್ ಸುತ್ತಿ, ನಿಂತು ಡಬ್ಬಿ ತುಂಬಿಸಿದೆ. ಗುತ್ತಿಗೆದಾರ ತಾನ ದಿನಾ ಬಂದು ನೀರು ಹೊಡಸ್ತಿದ್ದ. ಲ್ಯಾಬಿನವ್ರೂ ಈ ಸಲ ಆಣೆಕಟ್ಟಿನ ಮಾತು ತಗೀಲಿಲ್ಲ, ಪಾಸ್ ಅಂದ್ರು.

ಕಂಬ ತಗಿಯೋ ದಿನ ಗುತ್ತಿಗೆದಾರ ಮುಂಜಾನೆನ ಬಂದು, ತಂಪೈತಿ ಅಂತ ಸ್ಲ್ಯಾಬಿನ ಕೆಳಗ ಚಾಪಿ ಹಾಸಿ ಅಡ್ಡಾದ. ಮಧ್ಯಾಹ್ನದ ತನಕ ಕಂಬ ತಗಿಯೂದಿಲ್ಲ ಅಂತ ಅವನ ಧೈರ್ಯ. ಗೊರಕಿ ಶುರುವಾತು. ಅಕ್ಕೋರು ಮೇಸ್ತ್ರಿಗೆ ಕೈಸನ್ನಿ ಮಾಡಿದ್ರು. ಕಂಬ ಒಂದೊಂದಾಗಿ ಸದ್ದಿಲ್ಲದ ಹೊರಗ ಬಂದ್ವು. ನಾ ಒಂದೊಂದನ್ನೂ ಎಣಿಸಿಕೋತ ನಿಂತಿದ್ದೆ. ಜೀವಮಾನದಾಗ ಅಷ್ಟು ಎಚ್ಚರ ಇದ್ದಿದ್ದು ಅವತ್ತ ಒಂದ ದಿನ.

ತಾಸಿನ ಮ್ಯಾಲ ಅಂವಾ ಕಣ್ಣು ತೆರೆದ. ಆ ಕಡೆ ನೋಡಿದ, ಕಂಬ ಇಲ್ಲ. ಈ ಕಡೆ ನೋಡಿದ, ಕಂಬ ಇಲ್ಲ. "ಯವ್ವಾ!" ಅಂತ ಚೀರಿ, ಚಪ್ಪಲಿ ಬಿಟ್ಟು, ಚಾಪಿ ಸಮೇತ ಹೊರಗ ಹಾರಿದ.

ಆಮ್ಯಾಲ ಮೆಲ್ಲಕ ತಿರುಗಿ ನೋಡಿದ. ಒಳಗ ಹೋದ. ಕತ್ತು ಎತ್ತಿ ಸ್ಲ್ಯಾಬ್ ನೋಡಿದ. ಕಣ್ಣಾಗ ನೀರು.

"ಸಾಹೇಬ್ರ, ಖರೇನ ನಿಂತೈತ್ರಿ! ಇಪ್ಪತ್ತು ವರ್ಷದಾಗ ನಾ ಕಟ್ಟಿದ್ದರ ಕೆಳಗ ಮಲಗಿದ್ದು ಇದ ಮೊದಲು!"

"ಮತ್ತ ಮೊದಲು ಕಟ್ಟಿದವು?" ಅಂದ್ರು ಅಕ್ಕೋರು.

ಅಂವಾ ಚಪ್ಪಲಿ ಮೆಟ್ಟಕೋತ ಅಂದ: "ಅವನ್ನ ಕಟ್ಟಿದ ಊರಾಗ ನಾ ರಾತ್ರಿ ವಸ್ತಿ ಮಾಡೂದಿಲ್ರಿ ಅಕ್ಕೋರ!"