ಗೆರೆ ಬದಲಿಸುವ ಕ್ಲೆಫ್

ನಮ್ಮ ಸೋದರಮಾವನಿಗೆ ತಲೆ ಕೆಟ್ಟಿತ್ತು ಎಂದು ನಾನಂತೂ ಹೇಳುವುದಿಲ್ಲ. ಎಪ್ಪತ್ತರ ದಶಕದಲ್ಲೇ ರಾಜಾಜಿನಗರದ ಅವರ ಬೀದಿಯವರೆಲ್ಲ ಅದನ್ನು ಹೇಳಿ ಮುಗಿಸಿರುವಾಗ ನನ್ನದೇನು ಹೆಚ್ಚುಗಾರಿಕೆ?

ಕಾರ್ಖಾನೆಯಲ್ಲಿ ಲೇತ್ ಕೆಲಸ ಮಾಡುತ್ತಿದ್ದ ಮಾವ ಯಾವುದೋ ಹರಾಜಿನಲ್ಲಿ ಒಂದು ವಯೋಲ ಹಿಡಿದು ತಂದರು. ನೋಡಲು ಪಿಟೀಲೇ, ಮೈ ಕೊಂಚ ದೊಡ್ಡದು, ದನಿ ಕೊಂಚ ತಗ್ಗು. ಅದರ ಜೊತೆಗೆ ಬಂದ ಇಂಗ್ಲಿಷ್ ಸಂಗೀತದ ಪುಸ್ತಕದಿಂದ ಕ್ಲೆಫ್ ಎಂಬ ಗ್ರಹಚಾರ ಮನೆ ಹೊಕ್ಕಿತು! ಸ್ವರ ಬರೆಯುವ ಐದು ಗೆರೆಗಳ ಎಡತುದಿಗೆ ಹಾಕುವ ಗುರುತೇ ಕ್ಲೆಫ್. ಅದಿಲ್ಲದಿದ್ದರೆ ಯಾವ ಗೆರೆ ಯಾವ ಸ್ವರವೆಂದು ಬ್ರಹ್ಮನಿಗೂ ತಿಳಿಯದಂತೆ. ಹಾಲಿನವನು ಬರಲಿ, ಮೀಟರ್ ನೋಡುವವನು ಬರಲಿ, ಮಾವ ಸೀಮೆಸುಣ್ಣ ಹಿಡಿದು ಜಗಲಿಯ ಮೇಲೆ ಗೆರೆ ಎಳೆದೇಬಿಡುತ್ತಿದ್ದರು. ಕೆಳಗಿನಿಂದ ಎರಡನೇ ಗೆರೆಗೆ ಸುರುಳಿ ಸುತ್ತಿಕೊಂಡದ್ದು ಪಿಟೀಲಿನ ಕ್ಲೆಫ್. ನಾಲ್ಕನೇ ಗೆರೆಯ ಮೇಲೊಂದು ಕೆಳಗೊಂದು ಚುಕ್ಕಿ ಇಟ್ಟದ್ದು ತೀರಾ ತಗ್ಗು ದನಿಯ ವಾದ್ಯಗಳದ್ದು. ಮೂರನೆಯದು ಸಿ ಕ್ಲೆಫ್. ಅದಕ್ಕೆ ನೆಲೆಯೇ ಇಲ್ಲ! ಅದರ ನಡು ಯಾವ ಗೆರೆಯ ಮೇಲೆ ಬಂದರೆ ಆ ಗೆರೆಯೇ ಸಿ ಎಂಬ ಇಂಗ್ಲಿಷ್ ಸ್ವರ. ವಯೋಲಕ್ಕೆ ಅದು ನಡುಗೆರೆಯ ಮೇಲೆ ಕೂರುತ್ತದೆ.

"ನಮ್ಮ ಹಾಗೇ ಕಣ್ರೀ, ಬಾಡಿಗೆಗಿರೋದು. ಇವತ್ತು ಈ ಗೆರೆ, ನಾಳೆ ಆ ಗೆರೆ" ಎಂದು ಮೀಟರಿನವನಿಗೆ ವಿವರಿಸಿದರು. ಆಮೇಲೆ ಆತ ನಮ್ಮ ಮೀಟರನ್ನು ರಸ್ತೆಯಿಂದಲೇ ಓದುವ ವಿದ್ಯೆ ಕಲಿತ.

ಕಾಲೇಜಿಗೆಂದು ಅವರ ಮನೆಯಲ್ಲಿದ್ದ ನನಗೆ ಮೂರು ಹೊತ್ತೂ ಇದೇ ಪಾಠ. ಕಿವಿಗೊಡದೆ ಉಳಿದವರು ಅತ್ತೆ ಒಬ್ಬರೇ. ಮನೆಯಲ್ಲಿ ನಿಜವಾದ ಸಂಗೀತವಿದ್ದದ್ದು ಅವರ ಕೊರಳಲ್ಲಿ. ವಿಜಯನಗರದವರೆಗೂ ಯಾರ ಮನೆಯ ಆರತಿಯಾದರೂ ಅವರ ಹಾಡು ಬೇಕಿತ್ತು. ಗಂಟಲಿನ ಆಪರೇಷನ್ ಆದಮೇಲೆ ಒಂದು ಸೀಮಂತದಲ್ಲಿ, ಮೇಲಿನ ಸ್ವರಕ್ಕೆ ಏರಿದ ದನಿ ಎಲ್ಲರೆದುರಿಗೆ ಒಡೆದುಹೋಯಿತು. ಅಂದಿನಿಂದ ಅವರು ಹಾಡಲಿಲ್ಲ. ಶ್ರುತಿ ಇಳಿಸಿಕೊಂಡು ಹಾಡಬಹುದಲ್ಲ ಎಂದರೆ ಸಿಡುಕುತ್ತಿದ್ದರು. ಗಂಟಲು ಹೋಯಿತೆಂದು ತಾವೇ ಡಂಗುರ ಸಾರಬೇಕೇ? ಮನೆ ಬಿಕೋ ಎನ್ನುತ್ತಿತ್ತು. ಮಾವ ಅದನ್ನು ಕ್ಲೆಫ್ ಪಾಠದಿಂದ ತುಂಬಿಸಲು ಹೆಣಗುತ್ತಿದ್ದರು.

ಆ ವರ್ಷ ಬೀದಿಯ ಗಣೇಶನ ಮುಂದೆ ಮಾವನ ಕಛೇರಿ! ಇಂಗ್ಲಿಷ್ ಸ್ವರ ಓದಬಲ್ಲ ಇಬ್ಬರು ಪಿಟೀಲಿನವರನ್ನು ಹಿಡಿದು ತಂದಿದ್ದರು. ಅತ್ತೆ ಹಾಡುತ್ತಿದ್ದ ಒಂದು ದೇವರನಾಮವನ್ನೇ ಬರೆದು ಮೂವರಿಗೂ ಒಂದೊಂದು ಹಾಳೆ ಮಾಡಿದ್ದರು. ಬರೆದಿರುವಾಗ ಅಭ್ಯಾಸವೇಕೆ ಎಂಬುದು ಅವರ ವಾದ. ನುಡಿಸಲು ಶುರುಮಾಡಿದರೋ ಇಲ್ಲವೋ, ಗಣೇಶ ತನ್ನ ಮೊರದ ಕಿವಿ ಮುಚ್ಚಿಕೊಳ್ಳಬೇಕು, ಹಾಗಿತ್ತು! ಆದದ್ದಿಷ್ಟೆ. ಊರಿಗೆಲ್ಲ ಕ್ಲೆಫ್ ಹಂಚಿದ ಮಹಾನುಭಾವರು ಹಾಳೆಗಳಿಗೆ ಕ್ಲೆಫ್ ಹಾಕುವುದನ್ನೇ ಮರೆತಿದ್ದರು. ಪಿಟೀಲಿನವರು ತಮ್ಮ ರೂಢಿಯಂತೆ ಓದಿದರು, ಮಾವ ವಯೋಲದ ರೂಢಿಯಂತೆ ಓದಿದರು. ಹಾಡು ಒಂದೇ, ಮಾವನದು ಮಾತ್ರ ಆರು ಮೆಟ್ಟಿಲು ಕೆಳಗೆ! ಕಮಿಟಿ ಅಧ್ಯಕ್ಷರು ಹಾರ ಹಾಕಿ, ಇಂಗ್ಲಿಷ್ ಸಂಗೀತವೆಂದರೆ ಹೀಗಿರಬೇಕು ಎಂದು ಹೊಗಳಿದರು.

ಮರುದಿನ ಬೆಳಿಗ್ಗೆಯೂ ಅತ್ತೆ ನೆನೆಸಿಕೊಂಡು ನಗುತ್ತಿದ್ದರು. ಅವರು ನಕ್ಕು ಎಷ್ಟು ಕಾಲವಾಗಿತ್ತೋ! ನಗುತ್ತಲೇ, ಮೊದಲ ಸಲ, ಅವರಾಗಿಯೇ ಕೇಳಿದರು: "ಅಲ್ಲಾ ರೀ, ಕಾಗದ ಒಂದೇ. ಅದ್ಹೇಗೆ ಒಬ್ಬರಿಗೆ ಮೇಲೆ, ಒಬ್ಬರಿಗೆ ಕೆಳಗೆ ಬಂತು?"

ಮಾವ ಈ ಸಲ ಸೀಮೆಸುಣ್ಣಕ್ಕೆ ಕೈ ಹಾಕಲಿಲ್ಲ. ನನಗೆ ಅದೇ ಆಶ್ಚರ್ಯ! ಹಾಳೆ ತಂದು, ಸಿ ಕ್ಲೆಫನ್ನು ಎಲ್ಲಕ್ಕಿಂತ ಕೆಳಗಿನ ಗೆರೆಯ ಮೇಲೆ ಬರೆದರು. ಬರೆದ ಒಂದು ಸ್ವರವನ್ನೂ ಮುಟ್ಟಲಿಲ್ಲ. ಪಿಟೀಲಿನವರು ಓದಿದ, ಅತ್ತೆ ಹಿಂದೆ ಹಾಡುತ್ತಿದ್ದ ಎತ್ತರಕ್ಕಿಂತ ಹಾಡು ಈಗ ಎರಡು ಮೆಟ್ಟಿಲು ಕೆಳಗಿಳಿದು ಕೂತಿತ್ತು. ವಯೋಲ ಎತ್ತಿ ಮೆಲ್ಲಗೆ ಪಲ್ಲವಿ ನುಡಿಸಿದರು. ಅತ್ತೆ ಸೊಪ್ಪು ಬಿಡಿಸುತ್ತ ಗುನುಗಿದರು. ಆಮೇಲೆ ದನಿ ತೆಗೆದರು. ದನಿ ಒಡೆಯುತ್ತಿದ್ದ ಜಾಗ ಬಂತು. ದನಿ ಏರಿತು, ನಿಂತಿತು.

"ಎಷ್ಟು ಇಳಿಸಿದ್ರಿ?" ಎಂದರು ಅತ್ತೆ, ಕಣ್ಣು ಒರೆಸಿಕೊಂಡು.

"ನಾನೇನೂ ಇಳಿಸಿಲ್ಲ ಕಣೇ. ಬರೆದಿದ್ದು ಹಾಗೇ ಇದೆ, ಬೇಕಾದ್ರೆ ನೋಡು."

ಅಂಥ ಕಿವಿಗೆ ಇದು ತಿಳಿಯದೆ ಇರುತ್ತದೆಯೇ? ಆದರೂ ಅತ್ತೆ ಹಾಳೆಯ ಕಡೆ ತಿರುಗಿಯೂ ನೋಡಲಿಲ್ಲ. ಚರಣ ಎತ್ತಿಕೊಂಡರು. ಈಗ ತಪ್ಪಿದ್ದು ಮಾವನ ಕೈ. ಕಣ್ಣು ತುಂಬಿಬಂದು ಅವರಿಗೆ ಗೆರೆಗಳೇ ಕಾಣುತ್ತಿರಲಿಲ್ಲ.

"ಹಾಳೆ ಬಿಡಿ, ನನ್ನ ಹಿಂದೆ ಬನ್ನಿ" ಎಂದು ಅತ್ತೆ ಮುಂದಿನ ಸಾಲು ಹಾಡಿದರು.