ಅಂದಾಜಿಗೂ ಕರೆಂಟು ಬೇಕು

ಒಂದೇ ವಿಷಯವನ್ನು ಎಂಟು ವರ್ಷ ಓದಿದವನಿಗೆ, ಯಾರೂ ಪ್ರಶ್ನೆ ಕೇಳದ ಹಾಗೆ ಮಾತಾಡುವ ಕಲೆ ತಾನಾಗಿಯೇ ಬಂದುಬಿಡುತ್ತದೆ. ನನಗೂ ಬಂದಿತ್ತು. ಸೊಲ್ಲಾಪುರದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಲೇ ನಾನು ಪಿಎಚ್‌ಡಿ ಮಾಡುತ್ತಿದ್ದೇನೆ. ಪ್ರೊಸೆಸರಿನ ಒಳಗಿರುವ ಕ್ಯಾಶ್ ಎಂಬ ಪುಟ್ಟ ನೆನಪಿನ ಭಾಗವನ್ನು, ವೇಗ ಕೆಡದಂತೆ, ಕಡಿಮೆ ವಿದ್ಯುತ್ತಿನಲ್ಲಿ ನಡೆಸುವುದು ಹೇಗೆ ಎಂಬುದು ನನ್ನ ವಿಷಯ. ಈ ಕ್ಯಾಶ್ ಎಂಬ ಹೆಸರಿನಿಂದ ಆಗಿರುವ ಗೊಂದಲ ಅಷ್ಟಿಷ್ಟಲ್ಲ. ಕಂದಲಗಾಂವದ ಮದುವೆಯೊಂದರಲ್ಲಿ ನನ್ನನ್ನು ಬ್ಯಾಂಕಿನವರ ಪಂಕ್ತಿಯಲ್ಲಿ ಕೂಡಿಸಿ, ಇನ್ನೆರಡು ಹೋಳಿಗೆ ಹೆಚ್ಚಿಗೆ ಬಡಿಸಿದ್ದರು. ನಾನು ತಿದ್ದಲು ಹೋಗಲಿಲ್ಲ.

ಗುರುವಾರ, ಪುಣೆಯಿಂದಲೂ ಒಬ್ಬರು ಬರುವ ತಜ್ಞರ ಸಮಿತಿಯ ಮುಂದೆ ನನ್ನ ಕೆಲಸ ಒಪ್ಪಿಸಬೇಕಿತ್ತು. ಅವರು ಒಪ್ಪಿದರೆ ಪ್ರಬಂಧ ಬರೆಯಬಹುದು, ಇಲ್ಲವಾದರೆ ಎಂಟಕ್ಕೆ ಇನ್ನೆಷ್ಟು ವರ್ಷ ಕೂಡುತ್ತವೋ ದೇವರೇ ಬಲ್ಲ. ನನ್ನ ಮಾರ್ಗದರ್ಶಕರು, ಮನೆಯವರಿಗೆ ಹತ್ತು ನಿಮಿಷದಲ್ಲಿ ತಿಳಿಸಿ ಹೇಳಲು ಬಾರದಿದ್ದರೆ ಸಮಿತಿಯ ಮುಂದೆ ನಿಲ್ಲಲೇಬೇಡ ಎಂದಿದ್ದರು. ಹೆಂಡತಿಯನ್ನು ಕೇಳಿದೆ. ನಾಲ್ಕನೆಯ ವರ್ಷದಲ್ಲಿ ಒಮ್ಮೆ ಕೇಳಿದ್ದೇನೆ, ಸಾಕು ಎಂದಳು. ಮಗಳು ಹತ್ತನೆಯ ಇಯತ್ತೆಯ ಮರಾಠಿ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದಳು, ಅದು ತಲೆಕೆಳಗಾಗಿತ್ತು. ಉಳಿದವಳು ಅಕ್ಕಲಕೋಟದ ನನ್ನ ಅಕ್ಕ ನೀಲಕ್ಕ. ಭಾನುವಾರ ಮುಂಜಾನೆ ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಎಂಐಡಿಸಿ ಕೈಗಾರಿಕಾ ಪ್ರದೇಶದ ಟವೆಲ್ ಮಗ್ಗಗಳ ಸದ್ದು ಹಿಂದಾಗುವಷ್ಟರಲ್ಲಿ ಭಾಷಣವನ್ನು ಎರಡು ಸಲ ಮನಸ್ಸಿನಲ್ಲೇ ಮಾಡಿ ಮುಗಿಸಿದ್ದೆ. ಎರಡೂ ಸಲ ಚಪ್ಪಾಳೆ ಬಿದ್ದಿತ್ತು.

ನೀಲಕ್ಕ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಓದಿದ್ದು ಏಳನೆಯ ತರಗತಿ. ಆದರೆ ಮೋಟಾರಿನ ಸದ್ದು ಕೇಳಿಯೇ ಅದರ ಬೇರಿಂಗ್ ಇನ್ನೆಷ್ಟು ದಿನ ಬಾಳುತ್ತದೆಂದು ಹೇಳುತ್ತಾಳೆ. ಜೋಳದ ಡಬ್ಬಿಗಳು ಒಂದರ ಹಿಂದೆ ಒಂದು ಇದ್ದರೆ ಮಾತ್ರ ಮೋಟಾರು ಹಚ್ಚುತ್ತಾಳೆ. ನಡುವೆ ಒಂದು ನಿಮಿಷ ಖಾಲಿ ಸಿಕ್ಕರೂ ಬಂದ್. ನನ್ನನ್ನು ಗಿರಣಿಯ ಬಾಗಿಲಲ್ಲೇ ಸ್ಟೂಲಿನ ಮೇಲೆ ಕೂಡಿಸಿ, ಹೇಳಪಾ ಎಂದಳು.

ಹೇಳಿದೆ. ಪ್ರೊಸೆಸರಿಗೆ ಬೇಕಾದ ಮಾಹಿತಿ ದೊಡ್ಡ ಮೆಮೊರಿಯಲ್ಲಿ ದೂರ ಇರುತ್ತದೆ, ತರುವಷ್ಟರಲ್ಲಿ ತಡವಾಗುತ್ತದೆ. ಅದಕ್ಕೆ ಪದೇ ಪದೇ ಬೇಕಾಗುವುದನ್ನು ಹತ್ತಿರದ ಕ್ಯಾಶಿನಲ್ಲಿ ಇಟ್ಟಿರುತ್ತಾರೆ. ಅಲ್ಲಿ ಒಂದು ಮಾಹಿತಿ ಎಂಟು ಖಾನೆಗಳಲ್ಲಿ ಯಾವುದರಲ್ಲಾದರೂ ಇರಬಹುದು. ಬೇಗ ಸಿಗಲೆಂದು ಎಂಟನ್ನೂ ಒಮ್ಮೆಲೇ ತೆರೆದು ನೋಡುತ್ತಾರೆ. ಬೇಕಾದದ್ದು ಒಂದು, ವಿದ್ಯುತ್ತು ಎಂಟರದ್ದು. ನನ್ನ ಪದ್ಧತಿಯಲ್ಲಿ, ಯಾವ ಖಾನೆಯಲ್ಲಿ ಇರಬಹುದೆಂದು ಮೊದಲು ಒಂದು ಕೋಷ್ಟಕ ನೋಡಿ ಅಂದಾಜು ಮಾಡಿ, ಅದೊಂದನ್ನೇ ತೆರೆಯುತ್ತೇವೆ. ಅಂದಾಜು ಸರಿಯಾದರೆ ಏಳು ಖಾನೆಗಳ ವಿದ್ಯುತ್ತು ಉಳಿಯಿತು. ತಪ್ಪಿದರೆ ಉಳಿದವನ್ನು ತೆರೆಯಬೇಕು, ತುಸು ತಡವಾಗುತ್ತದೆ. ಆದರೆ ನನ್ನ ಅಂದಾಜು ತಪ್ಪುವುದು ಅಪರೂಪ, ಏಕೆಂದರೆ ನನ್ನ ಕೋಷ್ಟಕ ದೊಡ್ಡದು. ಈ ಕೊನೆಯ ಮಾತನ್ನು ಸ್ವಲ್ಪ ಎದೆಯುಬ್ಬಿಸಿಯೇ ಹೇಳಿದೆ.

ಅಕ್ಕ ಸೆರಗಿನಿಂದ ಕಣ್ಣುಹುಬ್ಬಿನ ಮೇಲಿನ ಹಿಟ್ಟು ಒರೆಸಿಕೊಂಡಳು. "ಬರೋಬರ್ ಅದ. ಖರೆ ತಮ್ಮಾ, ಆ ಅಂದಾಜ ಮಾಡೋದಕ್ಕ ಕರೆಂಟ್ ಬ್ಯಾಡೇನು?"

ಬೇಕು, ಆದರೆ ಅದು ಬಹಳ ಸಣ್ಣ ಭಾಗ ಎಂದು ನಕ್ಕೆ.

"ಸಣ್ಣದಿದ್ರ ಇರ್ಲಿ. ಅದು ಬಂದ್ ಯಾವಾಗ ಇರ್ತದ?"

ನಗು ನಿಂತಿತು. ಅದು ಬಂದ್ ಇರುವುದೇ ಇಲ್ಲ. ಪ್ರತಿ ಸಲವೂ, ಖಾನೆ ತೆರೆಯುವ ಮೊದಲು, ಅದು ನಡೆಯಲೇಬೇಕು. ಅಕ್ಕ ಊಟಕ್ಕೆ ಎಬ್ಬಿಸಿದಳು. ರೊಟ್ಟಿಯ ಜೊತೆಗಿನ ಶೇಂಗಾ ಹಿಂಡಿಯ ರುಚಿ ನನಗೆ ಅಂದು ಹತ್ತಲಿಲ್ಲ.

ಮನೆಗೆ ಬಂದವನೇ ಲೆಕ್ಕಾಚಾರದ ಕಡತ ತೆರೆದೆ. ಕೋಷ್ಟಕ ತಿನ್ನುವ ವಿದ್ಯುತ್ತಿನ ಜಾಗದಲ್ಲಿ ಸೊನ್ನೆ ಇತ್ತು. ಪಕ್ಕದಲ್ಲಿ ಎರಡನೆಯ ವರ್ಷದಲ್ಲಿ ನಾನೇ ಬರೆದ ಟಿಪ್ಪಣಿ: ಸದ್ಯಕ್ಕೆ ಹೀಗಿರಲಿ. ಆರು ವರ್ಷ ಅದು ಹಾಗೇ ಇತ್ತು. ನಿಜವಾದ ಸಂಖ್ಯೆ ಹಾಕಿ ಮತ್ತೆ ಓಡಿಸಿದಾಗ, ನನ್ನ ಉಳಿತಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಹಾರಿಹೋಯಿತು. ಹೆಮ್ಮೆಪಟ್ಟಿದ್ದ ದೊಡ್ಡ ಕೋಷ್ಟಕವೇ ಎಲ್ಲ ತಿಂದು ಕೂತಿತ್ತು.

ಸುಮ್ಮನಿದ್ದುಬಿಡುವ ವಿಚಾರ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಎಂಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಹೆಂಡತಿಯ ಮುಂದೆ ತೋಡಿಕೊಂಡೆ. ಅವಳು ಮೆಂತ್ಯೆಪಲ್ಲೆಯ ಎಲೆ ಬಿಡಿಸುತ್ತಲೇ, "ಗಿರಣ್ಯಾಗ ಕುಂತು ನೀಲಕ್ಕಾರು ಕೇಳ್ಯಾರಂದ್ರ, ಪುಣೆದಿಂದ ಬರಾವ್ರು ಕೇಳಾಂಗಿಲ್ಲೇನ್ರಿ?" ಎಂದಳು. ಹಾಗಾಗಿ ನನ್ನ ಪ್ರಾಮಾಣಿಕತೆಗೆ ಮುಖ್ಯ ಕಾರಣ ಹೆದರಿಕೆ. ಸೋಮವಾರದಿಂದ ಬುಧವಾರದವರೆಗೆ ಕೋಷ್ಟಕವನ್ನು ಕತ್ತರಿಸುತ್ತಾ ಕುಳಿತೆ. ಕಾಲು ಭಾಗಕ್ಕೆ ಇಳಿಸಿದಾಗ ಅಂದಾಜು ಆಗಾಗ ತಪ್ಪತೊಡಗಿತು, ವೇಗವೂ ಕೂದಲೆಳೆಯಷ್ಟು ತಗ್ಗಿತು, ಆದರೆ ಕಳೆದುಹೋದ ಉಳಿತಾಯದಲ್ಲಿ ಒಂದಿಷ್ಟು ಮರಳಿ ಬಂತು. ಮೊದಲಿನಷ್ಟು ಭರ್ಜರಿ ಅಲ್ಲ. ಆದರೆ ಈ ಸಲದ್ದು ನಿಜವಾಗಿ ಇದ್ದದ್ದು.

ಗುರುವಾರ ಸಮಿತಿಯ ಮುಂದೆ ಹಳೆಯ ತಪ್ಪು, ಹೊಸ ಫಲಿತಾಂಶ ಎರಡನ್ನೂ ಇಟ್ಟೆ. ನನ್ನ ಮಾರ್ಗದರ್ಶಕರ ಮುಖದ ಬಣ್ಣ ಎರಡು ಸಲ ಬದಲಾಯಿತು. ಪುಣೆಯ ತಜ್ಞರು ಕನ್ನಡಕ ತೆಗೆದು, ಈ ತಪ್ಪು ನಿಮಗೆ ಹೇಗೆ ಸಿಕ್ಕಿತು ಎಂದು ಕೇಳಿದರು. ಗಿರಣಿ, ಅಕ್ಕ, ಸ್ಟೂಲು ಎಲ್ಲ ನಾಲಿಗೆಯ ತುದಿಗೆ ಬಂದವು. "ಮರುಪರಿಶೀಲನೆ ಮಾಡುವಾಗ ಸಿಕ್ಕಿತು ಸರ್" ಎಂದೆ. ಅವರು ಉಳಿದವರತ್ತ ತಿರುಗಿ, ಸಂಶೋಧಕನೆಂದರೆ ಹೀಗೆ ತನ್ನ ಕೆಲಸವನ್ನು ತಾನೇ ಅನುಮಾನಿಸಬೇಕು ಎಂದು ಹೊಗಳಿದರು. ಪ್ರಬಂಧ ಬರೆಯಲು ಒಪ್ಪಿಗೆ ಸಿಕ್ಕಿತು.

ಸಂಜೆ ನೀಲಕ್ಕನ ಫೋನು ಬಂತು. ಪಾಸಾದೆಯೇನು ಎಂದು ಕೇಳಿದಳು, ಆದೆ ಎಂದೆ. ಆ ಕರೆಂಟಿನ ಪ್ರಶ್ನೆ ಯಾರಾದರೂ ಎತ್ತಿದರೇ ಎಂದಳು. ಇಲ್ಲ, ನಾನೇ ಹೇಳಿದೆ ಎಂದೆ.

"ಶಾಣ್ಯಾ ಅದಿ ಬಿಡು. ನಿಂಗ ಮದ್ಲೇ ಗೊತ್ತಿತ್ತು, ನಾ ಸುಮ್ಮ ಕೇಳಿದ್ನಿ."

ಒಂದೇ ದಿನದಲ್ಲಿ ಎರಡನೆಯ ಹೊಗಳಿಕೆ. ಇದನ್ನಾದರೂ ಮರಳಿ ಕೊಡೋಣವೆಂದು, ಇಲ್ಲ ಅಕ್ಕಾ, ನನಗೆ ಗೊತ್ತಿರಲಿಲ್ಲ ಎಂದು ಶುರು ಮಾಡಿದೆ. ಅಷ್ಟರಲ್ಲಿ ಆ ಕಡೆ ಯಾರೋ ಜೋಳ ತಂದರೆಂದು ಕಾಣುತ್ತದೆ, ಗಿರಣಿ ಗುಡುಗತೊಡಗಿತು. ಅಕ್ಕ ಏನಂದಿ, ಏನಂದಿ ಎಂದು ಎರಡು ಸಲ ಕೇಳಿದಳು. ನಾನು ದನಿ ಏರಿಸಬಹುದಿತ್ತು. ಏರಿಸಲಿಲ್ಲ.